ಗಾಜಿನಲ್ಲಿ ಉಳಿದ ಅಕ್ಷರಗಳು

ಆಯುಧಪೂಜೆಗೆ ಮುಂಚಿನ ವಾರ ಶಾಲೆಯ ಉಗ್ರಾಣವನ್ನು ಗುಡಿಸಿ ಸಾರಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಕಳೆದ ವರ್ಷ ಆ ಕೆಲಸವು ಹತ್ತನೆಯ ತರಗತಿಯ ನಮ್ಮ ಮೂವರ ಪಾಲಿಗೆ ಬಂದಿತು. ಕಾಲು ಮುರಿದ ಬೆಂಚುಗಳು, ಅಂಚು ಹರಿದ ಭೂಪಟಗಳು, ಎಂದೋ ನಿಂತುಹೋದ ಗೋಡೆಗಡಿಯಾರ, ಬಣ್ಣ ಒಣಗಿದ ಡಬ್ಬಿಗಳು ಇವೆಲ್ಲವೂ ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು. "ಬೇಕಾದುದನ್ನು ಒಂದು ಕಡೆಗೂ ಬೇಡವಾದುದನ್ನು ಇನ್ನೊಂದು ಕಡೆಗೂ ಇಡಿರಿ, ಬೇಡವಾದುದು ನಾಳೆ ಸಾಗಿಹೋಗಲಿ" ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದರು. ಕೇಳುವುದಕ್ಕೆ ಇದು ಬಹಳ ಸುಲಭವಾದ ಕೆಲಸ. ಮಾಡಹೊರಟಾಗ ಮಾತ್ರ ಅಷ್ಟು ಸುಲಭವಲ್ಲವೆಂಬುದು ನಮಗೆ ತಿಳಿಯಿತು.

ಮೂಲೆಯಲ್ಲಿ, ಗೋಣಿತಾಟಿನ ಕೆಳಗೆ, ಹಳೆಯ ಗಣಕಯಂತ್ರದ ತೆರೆಯೊಂದು ಕುಳಿತಿತ್ತು. ಈಗಿನ ತೆರೆಗಳಂತೆ ಹಲಗೆಯಷ್ಟು ತೆಳುವಾದುದಲ್ಲ. ಹಿಂದಕ್ಕೆ ಗೂನು ಬೆಳೆದಂತೆ ಉಬ್ಬಿದ, ಇಬ್ಬರು ಹಿಡಿದರೆ ಹಗುರವೆನಿಸುವ, ೧೪ ಅಂಗುಲದ ಗಾಜಿನ ತೆರೆ. ಅದರ ಜೊತೆಗಿದ್ದ ಗಣಕಯಂತ್ರವು ಯಾವಾಗಲೋ ಹೋಗಿಬಿಟ್ಟಿತ್ತು. ತಲೆಯಿಲ್ಲದ ಮುಂಡವನ್ನು ಕಥೆಯಲ್ಲಿ ಕೇಳಿದ್ದೆವು. ಇಲ್ಲಿ ಮುಂಡವಿಲ್ಲದ ಮುಖ ಮಾತ್ರ ಉಳಿದಿತ್ತು. ಬೇಡವಾದ ಸಾಮಾನುಗಳ ಸಾಲಿಗೆ ಅದನ್ನು ಸೇರಿಸುವುದೆಂದು ಎತ್ತಿ ಬಾಗಿಲ ಬಳಿಗೆ ತಂದು, ಒದ್ದೆ ಬಟ್ಟೆಯಿಂದ ಗಾಜನ್ನು ಒರೆಸಿದೆವು. ಆಗ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಗಾಜಿನೊಳಗೆ ಏನೋ ಕಂಡಿತು. ಇನ್ನೊಮ್ಮೆ ಒರೆಸಿದೆವು, ಹೋಗಲಿಲ್ಲ. ಉಗುರಿನಿಂದ ಕೆರೆದೆವು, ಹೋಗಲಿಲ್ಲ. ಬಗ್ಗಿ ನೋಡಲಾಗಿ ಅವು ಅಕ್ಷರಗಳು, ಕನ್ನಡದ ಅಕ್ಷರಗಳು. ಹೆಸರು, ತಂದೆಯ ಹೆಸರು, ಊರು, ಮಾತೃಭಾಷೆ, ತರಗತಿ ಎಂಬ ಐದು ಪದಗಳು ಒಂದರ ಕೆಳಗೊಂದರಂತೆ ಮಸುಕಾಗಿ ನಿಂತಿದ್ದವು. ಪ್ರತಿಯೊಂದರ ಮುಂದೆಯೂ ಬರಿಯ ಗಾಜು.

ವಿದ್ಯುತ್ತಿಲ್ಲ, ಗಣಕಯಂತ್ರವಿಲ್ಲ, ಆದರೂ ತೆರೆಯ ಮೇಲೆ ಬರಹ ಹೇಗೆ ನಿಂತಿತು? ಕಛೇರಿಯ ಹಿರಿಯ ಸಹಾಯಕರನ್ನು ಕರೆತಂದು ತೋರಿಸಿದೆವು. ಅವರು ಕನ್ನಡಕವನ್ನು ಮೇಲಕ್ಕೆತ್ತಿ, ಗಾಜಿಗೆ ಮುಖವಿಟ್ಟು ನೋಡಿ, "ಇದು ನಮ್ಮ ದಾಖಲಾತಿಯ ಪಟ್ಟಿಯಲ್ಲವೇನ್ರಪ್ಪಾ!" ಎಂದು ಬೆರಗಾದರು. ೧೯೯೦ರ ದಶಕದಲ್ಲಿ ಶಾಲೆಗೆ ಹೊಸದಾಗಿ ಸೇರುವ ಮಕ್ಕಳ ವಿವರವನ್ನು ಈ ತೆರೆಯ ಮೇಲೆ ತುಂಬುತ್ತಿದ್ದರಂತೆ. ಬೆಳಿಗ್ಗೆ ಹಾಕಿದರೆ ಸಂಜೆಯವರೆಗೂ ಇದೇ ಪಟ್ಟಿ ಬೆಳಗುತ್ತಿತ್ತಂತೆ. ಹಾಗೆ ವರ್ಷಗಟ್ಟಲೆ ಒಂದೇ ಎಡೆಯಲ್ಲಿ ನಿಂತ ಪದಗಳು ಗಾಜಿನ ಒಳಮೈಯಲ್ಲಿ ಸುಟ್ಟು ನಿಂತವು. ಮಕ್ಕಳ ಹೆಸರುಗಳಾದರೋ ಬಂದವು, ಹೋದವು, ಒಂದೂ ನಿಲ್ಲಲಿಲ್ಲ.

ಇದನ್ನು ಕೇಳಿದ ಮೇಲೆ ಆ ತೆರೆಯನ್ನು ಬೇಡವಾದ ಸಾಲಿನಲ್ಲಿ ಇಡಲು ನಮಗೆ ಕೈ ಬರಲಿಲ್ಲ. ಮುಖ್ಯೋಪಾಧ್ಯಾಯರ ಮುಂದೆ ನಿಂತು ಬಿನ್ನವಿಸಿಕೊಂಡೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ವಾರ್ಷಿಕೋತ್ಸವದವರೆಗೆ ಅವಕಾಶ ಕೊಡುತ್ತೇನೆ. ಅಷ್ಟರಲ್ಲಿ ಅದು ಬೆಳಗಿದರೆ ಇಟ್ಟುಕೊಳ್ಳೋಣ. ಇಲ್ಲವಾದರೆ ಸುಮ್ಮನೆ ಸ್ಥಳ ಹಿಡಿಯುವುದು ಬೇಡ" ಎಂದರು. ಅಂದಿನಿಂದ ನಮ್ಮ ಶನಿವಾರಗಳೆಲ್ಲವೂ ಆ ತೆರೆಯ ಪಾಲಾದವು.

ಮೊದಲು ವಿಜ್ಞಾನದ ಉಪಾಧ್ಯಾಯರಿಂದ ಅದರ ಮರ್ಮವನ್ನು ಕೇಳಿ ತಿಳಿದೆವು. ಇಂತಹ ತೆರೆಯ ಒಳಗಿರುವುದು ಗಾಳಿಯನ್ನು ಪೂರ್ತಿಯಾಗಿ ಹೊರದೆಗೆದ ಗಾಜಿನ ಬುರುಡೆ. ಕ್ಯಾಥೋಡ್ ಕಿರಣಗಳ ನಳಿಕೆ ಎಂದು ಶಾಸ್ತ್ರದ ಹೆಸರು. ಅಂಗಡಿಗಳಲ್ಲಿ ಪಿಕ್ಚರ್ ಟ್ಯೂಬು. ಜರ್ಮನಿಯ ಕಾರ್ಲ್ ಫರ್ಡಿನೆಂಡ್ ಬ್ರಾನ್ ಎಂಬ ವಿಜ್ಞಾನಿಯು ೧೮೯೭ರಲ್ಲಿ ಇದರ ಮೂಲರೂಪವನ್ನು ರಚಿಸಿದನು. ನಳಿಕೆಯ ಸಣ್ಣ ಕುತ್ತಿಗೆಯಲ್ಲಿ ಒಂದು ಕಾಯುವ ತಂತಿಯೂ, ಅದರ ಶಾಖವನ್ನು ಪಡೆಯುವ ಪುಟ್ಟ ಟೋಪಿಯಂತಹ ಕ್ಯಾಥೋಡೂ ಇರುತ್ತವೆ. ಕ್ಯಾಥೋಡಿಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಧಾತುಗಳ ಆಕ್ಸೈಡನ್ನು ಬಳಿದಿರುತ್ತಾರೆ. ಅದು ಕಾದಾಗ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಹತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತಿನ ಸೆಳೆತವು ಅವನ್ನು ಮುಂದಕ್ಕೆಳೆದು ತೆರೆಗೆ ಬಡಿಯುತ್ತದೆ. ತೆರೆಯ ಒಳಮೈಗೆ ಫಾಸ್ಫರ್ ಎಂಬ ಹೊಳೆಯುವ ಪುಡಿಯ ಲೇಪವಿರುವುದರಿಂದ ಏಟು ಬಿದ್ದ ಚುಕ್ಕೆ ಬೆಳಗುತ್ತದೆ.

ಆ ಒಂದು ಚುಕ್ಕೆಯನ್ನು ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಓಡಿಸುವುದಕ್ಕೆ ಕುತ್ತಿಗೆಯ ಸುತ್ತ ತಾಮ್ರದ ತಂತಿಯ ಸುರುಳಿಗಳಿವೆ. ನಮ್ಮ ತೆರೆಯ ಬಗೆಯದರಲ್ಲಿ ಕಿರಣವು ಸೆಕೆಂಡಿಗೆ ೧೮,೦೦೦ಕ್ಕೂ ಹೆಚ್ಚು ಗೆರೆಗಳನ್ನು ಎಳೆಯುತ್ತದೆ. ಪೂರ್ತಿ ತೆರೆಯನ್ನು ಸೆಕೆಂಡಿಗೆ ೫೦ ಬಾರಿ ಬರೆಯುತ್ತದೆ. ನಾವು ಸ್ಥಿರವೆಂದು ಕಾಣುವ ಅಕ್ಷರವು ನಿಜವಾಗಿ ಕ್ಷಣಕ್ಷಣವೂ ಅಳಿಯುತ್ತ, ಕ್ಷಣಕ್ಷಣವೂ ಹೊಸದಾಗಿ ಬರೆಯಲ್ಪಡುತ್ತ ಇರುವುದು. ಒಂದೇ ಎಡೆಯಲ್ಲಿ ವರ್ಷಗಟ್ಟಲೆ ಏಟು ಬಿದ್ದರೆ ಅಲ್ಲಿನ ಪುಡಿಯು ಬಳಲಿ, ಬೆಳಗುವ ಶಕ್ತಿಯನ್ನು ಕಳೆದುಕೊಂಡು ಕಪ್ಪಾಗುತ್ತದೆ. ಗಣಕಗಳಲ್ಲಿ ಕೆಲಸವಿಲ್ಲದಾಗ ಓಡಾಡುವ ಚಿತ್ರಗಳಿಗೆ ಸ್ಕ್ರೀನ್ ಸೇವರ್ ಎಂದು ಹೆಸರು ಬಂದುದೂ ಇದೇ ಕಾರಣದಿಂದ. ಅವು ಮೊದಲು ವಿನೋದಕ್ಕಾಗಿ ಹುಟ್ಟಿದವಲ್ಲ, ತೆರೆಯನ್ನು ಸುಡದಂತೆ ಕಾಪಾಡಲು ಹುಟ್ಟಿದವು.

ಈ ಗಾಜಿನ ಬುರುಡೆಗೂ ನಮ್ಮವರಿಗೂ ಹಳೆಯ ನಂಟಿದೆ ಎಂಬುದನ್ನೂ ಉಪಾಧ್ಯಾಯರು ತಿಳಿಸಿದರು. ಭಾರತದಲ್ಲೇ ರೂಪುಗೊಂಡ ಮೊದಲ ದೊಡ್ಡ ಗಣಕಯಂತ್ರಗಳಲ್ಲಿ ಒಂದಾದ ಟಿಫ್ರಾಕ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರಲ್ಲಿ ಪೂರ್ಣಗೊಂಡಿತು. ಅದರ ಫಲಿತಾಂಶಗಳನ್ನೂ ನಕ್ಷೆಗಳನ್ನೂ ತೋರಿಸಲು ಇಂತಹದೇ ನಳಿಕೆಯ ತೆರೆಯೊಂದನ್ನು ಅಲ್ಲಿನವರೇ ಜೋಡಿಸಿದ್ದರು. ಆ ತಂಡದ ಮುಂದಾಳಾದ ಆರ್. ನರಸಿಂಹನ್ ಅವರು ೧೯೨೬ರಲ್ಲಿ ನಮ್ಮ ಮದರಾಸಿನಲ್ಲೇ ಹುಟ್ಟಿ, ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಇತ್ತ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೭೦ರಲ್ಲಿ ಕಪ್ಪುಬಿಳುಪಿನ ದೂರದರ್ಶನದ ನಳಿಕೆಗಳನ್ನು ತಯಾರಿಸತೊಡಗಿತು. ೧೯೭೫ರ ಆಗಸ್ಟ್ ೧೫ರಂದು ಮದರಾಸಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಸಾಲಿಡೇರ್, ಡಯನೋರಾ ಎಂಬ ಹೆಸರಿನ ಪೆಟ್ಟಿಗೆಗಳು ಈ ಊರಿನಲ್ಲೇ ತಯಾರಾಗಿ ಮನೆಮನೆಗೂ ಹೋದವು. ೨೦೦೬ರಿಂದ ಮುಂದಕ್ಕೆ ತಮಿಳುನಾಡಿನ ಸರ್ಕಾರವು ಬಣ್ಣದ ದೂರದರ್ಶನ ಪೆಟ್ಟಿಗೆಗಳನ್ನು ಬಡ ಸಂಸಾರಗಳಿಗೆ ಉಚಿತವಾಗಿ ಹಂಚಿದಾಗಲೂ ಒಳಗಿದ್ದುದು ಇದೇ ಗಾಜಿನ ಬುರುಡೆ. ನಮ್ಮಲ್ಲಿ ಹಲವರ ಮನೆಯಲ್ಲಿ ಅದು ಇಂದಿಗೂ ಅಟ್ಟದ ಮೇಲಿದೆ.

ಕನ್ನಡದ ಅಕ್ಷರ ಇದರ ಮೇಲೆ ಮೂಡಿದುದು ತಾನಾಗಿ ಅಲ್ಲ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತುಕೊಳ್ಳುತ್ತವೆ. ನಮ್ಮವಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಇವನ್ನೆಲ್ಲ ಚುಕ್ಕೆಗಳಲ್ಲಿ ಹಿಡಿಯಲು ಹಲವರು ದುಡಿದರು. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ಏರ್ಪಾಡು ಭಾರತೀಯ ಲಿಪಿಗಳನ್ನು ಸಾಮಾನ್ಯ ಗಣಕಗಳ ತೆರೆಗೆ ತಂದಿತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲೇ ಬೆರಳಚ್ಚಿಸಬಲ್ಲ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು. ನಮ್ಮ ತೆರೆಯ ಮೇಲೆ ಸುಟ್ಟು ನಿಂತ ಐದು ಪದಗಳ ಹಿಂದೆ ಇಂತಹವರ ವರ್ಷಗಳ ಶ್ರಮವಿದೆ.

ಮರ್ಮ ತಿಳಿದಾಯಿತು; ರಿಪೇರಿ ಮಾಡುವವರು ಯಾರು? ಈ ನಗರದಲ್ಲಿ ಎಲೆಕ್ಟ್ರಾನಿಕ್ ಸಾಮಾನು ಎಂದೊಡನೆ ಎಲ್ಲರ ಬಾಯಲ್ಲೂ ಬರುವ ಹೆಸರು ರಿಚೀ ಸ್ಟ್ರೀಟ್. ಹಿರಿಯರು ಇಂದಿಗೂ ಮೌಂಟ್ ರೋಡ್ ಎನ್ನುವ ಅಣ್ಣಾ ಸಾಲೆಯಿಂದ ಒಳಗೆ ತಿರುಗಿದರೆ, ರಿಚೀ ಸ್ಟ್ರೀಟ್, ನರಸಿಂಗಪುರಂ ಸ್ಟ್ರೀಟ್ ಮುಂತಾದ ಕಿರಿದಾದ ಬೀದಿಗಳು ತಂತಿ, ತಿರುಪು, ದೀಪ, ಧ್ವನಿವರ್ಧಕಗಳಿಂದ ತುಂಬಿಹೋಗಿವೆ. ಒಂದು ಶನಿವಾರ ಉಪಾಧ್ಯಾಯರೊಡನೆ ತೆರೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅಲ್ಲಿಗೆ ಹೋದೆವು. ಮೊದಲ ಅಂಗಡಿಯವರು ನಕ್ಕರು. ಎರಡನೆಯವರು, "ಇದನ್ನು ಇಲ್ಲೇ ಬಿಟ್ಟುಹೋಗಿ, ತಾಮ್ರಕ್ಕೆ ಏನಾದರೂ ಕೊಡುತ್ತೇನೆ" ಎಂದರು. ಮೂರನೆಯವರು, "ಹೊಸದನ್ನು ಕೊಳ್ಳಿ ತಂಬಿ, ಇದಕ್ಕೆ ಹಾಕುವ ದುಡ್ಡು ದಂಡ" ಎಂದು ಹಿತ ಹೇಳಿದರು. ಹೀಗೆ ಏಳೆಂಟು ಬಾಗಿಲುಗಳನ್ನು ಹತ್ತಿ ಇಳಿದ ಮೇಲೆ, ಚಹಾ ಮಾರುವವರೊಬ್ಬರು ಕಡಿದಾದ ಮೆಟ್ಟಿಲುಗಳನ್ನು ತೋರಿಸಿ, "ಮೇಲೆ ಒಬ್ಬ ದೊಡ್ಡವರಿದ್ದಾರೆ, ಅವರು ಯಾವುದನ್ನೂ ಬೇಡವೆನ್ನುವುದಿಲ್ಲ" ಎಂದರು.

ಆ ದೊಡ್ಡವರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿರೆಂದು ಅವರೇ ಹೇಳಿದ್ದಾರೆ. ಎಪ್ಪತ್ತನ್ನು ಮೀರಿದ ವಯಸ್ಸು, ತಮಿಳು ಮಾತೃಭಾಷೆ. ಪ್ರಾಯದಲ್ಲಿ ದೂರದರ್ಶನ ಪೆಟ್ಟಿಗೆಗಳನ್ನು ಜೋಡಿಸುವ ಕೆಲಸದಲ್ಲಿದ್ದು, ಆಮೇಲೆ ಸ್ವಂತವಾಗಿ ರಿಪೇರಿಗೆ ಕುಳಿತವರು. ತೆರೆಯನ್ನು ಮೇಜಿನ ಮೇಲಿಟ್ಟೊಡನೆ ಅವರು ವಿದ್ಯುತ್ತನ್ನು ಕೊಡಲಿಲ್ಲ. "ಎಷ್ಟು ವರ್ಷ ಮಲಗಿತ್ತು?" ಎಂದು ಕೇಳಿದರು. "ಇಪ್ಪತ್ತಾದರೂ ಇರಬಹುದು, ಅಯ್ಯಾ" ಎಂದೆವು. "ಇಪ್ಪತ್ತು ವರ್ಷ ಮಲಗಿದವನನ್ನು ಕೂಗಿ ಎಬ್ಬಿಸಬಾರದು ತಂಬಿ, ಮೆಲ್ಲಗೆ ಮುಟ್ಟಿ ಎಬ್ಬಿಸಬೇಕು" ಎಂದರು.

ಹಿಂದಿನ ಮುಚ್ಚಳವನ್ನು ತೆಗೆಯುವುದಕ್ಕೆ ಮೊದಲು ನಮ್ಮನ್ನು ಮೂರು ಮಾರು ದೂರ ನಿಲ್ಲಿಸಿದರು. ಇದನ್ನು ಓದುವ ನಮ್ಮ ಗೆಳೆಯರೆಲ್ಲರೂ ಈ ಎರಡು ಮಾತುಗಳನ್ನು ಚೆನ್ನಾಗಿ ನೆನಪಿಡಬೇಕು. ನಳಿಕೆಯು ವಿದ್ಯುತ್ತನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲುದು. ಸ್ವಿಚ್ಚನ್ನು ಆರಿಸಿದ ಮೇಲೂ ಮೈ ನಡುಗಿಸುವ ಹೊಡೆತ ಕೊಡಬಲ್ಲುದು. ಬಲ್ಲವರು ಅದನ್ನು ಮೊದಲು ನೆಲತಂತಿಗೆ ಇಳಿಸಿಯೇ ಕೈ ಹಾಕುತ್ತಾರೆ. ಎರಡನೆಯದು, ಬುರುಡೆಯೊಳಗೆ ಗಾಳಿಯಿಲ್ಲದ ಕಾರಣ ಹೊರಗಿನ ಗಾಳಿ ಅದನ್ನು ಎಲ್ಲ ಕಡೆಯಿಂದಲೂ ಒತ್ತುತ್ತಿರುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಎಂದು ಹಿಡಿದರೆ, ನಮ್ಮ ತೆರೆಯ ಮುಖದ ಮೇಲೆಯೇ ಸುಮಾರು ೬೦೦ ಕಿಲೋಗ್ರಾಂ ಭಾರ! ಕುತ್ತಿಗೆಗೆ ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿದಾವು. ಆದಕಾರಣ ಅಟ್ಟದಲ್ಲಿರುವ ಹಳೆಯ ಪೆಟ್ಟಿಗೆಯನ್ನು ಕುತೂಹಲಕ್ಕಾಗಿ ಯಾರೂ ಬಿಚ್ಚಕೂಡದು.

ಮುಚ್ಚಳ ತೆಗೆದಾಗ ಒಳಗೆ ಒಂದು ಬೆರಳು ದಪ್ಪದ ಧೂಳು. ನಮ್ಮ ಊರಿನದು ಕಡಲ ಗಾಳಿ. ಉಪ್ಪು, ತೇವ ಎರಡೂ ಅದರಲ್ಲಿವೆ. ತೇವವು ಧೂಳಿನೊಡನೆ ಸೇರಿದರೆ ಲೋಹವನ್ನು ತಿನ್ನುತ್ತದೆ. ದೊಡ್ಡವರು ಒಣ ಕುಂಚದಿಂದ ಧೂಳನ್ನು ಮೆಲ್ಲಗೆ ತೆಗೆದು, ಭೂತಗನ್ನಡಿಯಲ್ಲಿ ಒಂದೊಂದು ಬೆಸುಗೆಯನ್ನೂ ನೋಡಿದರು. ಕೆಲವು ಬೆಸುಗೆಗಳ ಸುತ್ತ ಕೂದಲೆಳೆಯಂತಹ ಬಿರುಕು. ದಿನವೂ ಕಾದು ಆರಿ, ಕಾದು ಆರಿ, ಹೀಗೆ ಬಿರುಕುಬಿಡುವುದು ಇಂತಹ ಯಂತ್ರಗಳ ಸಾಮಾನ್ಯ ರೋಗವಂತೆ. ಇನ್ನೊಂದು ರೋಗ ಕಂಡೆನ್ಸರುಗಳದು. ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟು ಕೊಡುವ ಆ ಪುಟ್ಟ ಡಬ್ಬಿಗಳೊಳಗಿನ ದ್ರವವು ವಯಸ್ಸಾದಂತೆ ಒಣಗುತ್ತದೆ, ಇಲ್ಲವೇ ಸೋರುತ್ತದೆ. ಒಣಗಿದ ಒಂಬತ್ತನ್ನು ತೆಗೆದು ಅದೇ ಅಳತೆಯ ಹೊಸತನ್ನು ಹಾಕಿದರು. ಒಂದೊಂದರ ಬೆಲೆಯೂ ಬಹಳ ಸ್ವಲ್ಪ. ಕೆಳಗಿನ ಬೀದಿಗೆ ಓಡಿಹೋಗಿ ನಾವೇ ತಂದೆವು.

ಅನಂತರ ತೆರೆಯ ತಂತಿಯ ಹಾದಿಯಲ್ಲಿ ಒಂದು ಸಾಧಾರಣ ಬಲ್ಬನ್ನು ಸೇರಿಸಿದರು. ಇದಕ್ಕೆ ಸೀರೀಸ್ ಬಲ್ಬು ಎಂದು ಹೆಸರು. ಒಳಗೆ ಎಲ್ಲಿಯಾದರೂ ತಂತಿ ತಂತಿಗೆ ತಗುಲಿದ್ದರೆ ಬಲ್ಬು ಪೂರ್ತಿಯಾಗಿ ಉರಿಯುತ್ತದೆ, ಯಂತ್ರ ಸುಡದೆ ಉಳಿಯುತ್ತದೆ. ಒಮ್ಮೆ ಬೆಳಗಿ ಮಂಕಾದರೆ ಒಳಗೆ ಕ್ಷೇಮವೆಂದು ಅರ್ಥ. ಅವರು ಸ್ವಿಚ್ಚು ಹಾಕಿದರು. ಬಲ್ಬು ಫಕ್ಕನೆ ಬೆಳಗಿತು. ನಮ್ಮ ಎದೆ ಹಾರಿತು. ಆಮೇಲೆ ಮೆಲ್ಲಮೆಲ್ಲನೆ ಮಂಕಾಯಿತು. ಆಗ ದೊಡ್ಡವರು ನಮ್ಮ ಕಡೆ ತಿರುಗಿ, "ನನಗೆ ಕೇಳಿಸುವುದಿಲ್ಲ. ನಿಮಗೆ ಏನಾದರೂ ಕೇಳುತ್ತಿದೆಯೇ?" ಎಂದರು. ಕಿವಿಗೊಟ್ಟೆವು. ಸೊಳ್ಳೆಯ ಸದ್ದಿಗಿಂತಲೂ ಸಣ್ಣದಾದ, ತುದಿಯಿಲ್ಲದ ಒಂದು ಕೀರಲು ಕೇಳುತ್ತಿತ್ತು. ಸೆಕೆಂಡಿಗೆ ೧೮,೦೦೦ ಗೆರೆಗಳನ್ನು ಎಳೆಯುವ ಭಾಗವು ಎಚ್ಚೆತ್ತುದರ ಗುರುತು ಅದು. ಅಷ್ಟು ಮೇಲಿನ ಸ್ವರವು ಎಳೆಯ ಕಿವಿಗಳಿಗೆ ಮಾತ್ರ ಕೇಳುವುದಂತೆ. ಪ್ರಾಯ ಕಳೆದಂತೆ ಮನುಷ್ಯನಿಗೆ ಅದು ಇಲ್ಲವಾಗುತ್ತದೆ. "ಕೇಳುತ್ತಿದೆ ಅಯ್ಯಾ!" ಎಂದು ಮೂವರೂ ಒಟ್ಟಿಗೆ ಕೂಗಿದೆವು. ಅವರ ಮುಖ ಅರಳಿತು. ಐವತ್ತು ವರ್ಷದ ಅನುಭವಕ್ಕೂ ಆ ದಿನ ನಮ್ಮ ಕಿವಿಗಳು ಬೇಕಾದವು ಎಂಬುದು ನಮಗೆ ಈಗಲೂ ಹೆಮ್ಮೆಯ ಸಂಗತಿ.

ತೆರೆಯ ಮೇಲೆ ಮೊದಲು ಕಂಡುದು ಅಡ್ಡವಾದ ಒಂದೇ ಹಸಿರು ಗೆರೆ. ಮೇಲಿಂದ ಕೆಳಕ್ಕೆ ಓಡಿಸುವ ಭಾಗ ಇನ್ನೂ ಮಲಗಿತ್ತು. ಬಿರುಕುಬಿಟ್ಟ ಬೆಸುಗೆಗಳನ್ನು ಮತ್ತೆ ಕಾಯಿಸಿ ಕೂಡಿಸಿದ ಮೇಲೆ ಗೆರೆಯು ಸೀರೆಯ ಮಡಿಕೆ ಬಿಚ್ಚಿದಂತೆ ಮೇಲಕ್ಕೂ ಕೆಳಕ್ಕೂ ಹರಡಿಕೊಂಡಿತು. ತೆರೆ ಪೂರ್ತಿ ಹಸಿರಾಯಿತು. ಆದರೆ ಬಹಳ ಮಂಕು, ಮೋಡದ ಹಿಂದಿನ ಚಂದ್ರನಂತೆ. ಆ ಹಸಿರಿನ ನಡುವೆ ನಮ್ಮ ಐದು ಪದಗಳು ಕಪ್ಪು ನೆರಳಾಗಿ ಸ್ಪಷ್ಟವಾಗಿ ನಿಂತವು.

ನಿಜವಾದ ಕಷ್ಟ ಆಮೇಲೆ ಬಂದಿತು. ದೊಡ್ಡವರು ಕೈ ಒರೆಸಿಕೊಂಡು ನಮ್ಮ ಮುಂದೆ ಮೂರು ದಾರಿಗಳನ್ನಿಟ್ಟರು. ಕ್ಯಾಥೋಡಿನ ಲೇಪ ಸವೆದಿರುವುದರಿಂದ ಬೆಳಕು ಮಂಕಾಗಿದೆ. ಅದಕ್ಕೆ ಒಮ್ಮೆ ಹೆಚ್ಚಿನ ವಿದ್ಯುತ್ತಿನ ಹೊಡೆತ ಕೊಟ್ಟರೆ ಮೇಲಿನ ಸತ್ತ ಪದರ ಸುಟ್ಟುಹೋಗಿ ಹೊಸ ಪದರ ತೋರಿ, ತೆರೆ ಮೊದಲಿನಂತೆ ಬೆಳಗಬಹುದು. ಆದರೆ ಆ ಬೆಳಕು ಕೆಲವು ತಿಂಗಳಲ್ಲೇ ಮುಗಿಯಬಹುದು. ದುರದೃಷ್ಟವಿದ್ದರೆ ಹೊಡೆತದಲ್ಲೇ ನಳಿಕೆ ಸತ್ತುಹೋಗಬಹುದು. ಇದು ಮೊದಲನೆಯ ದಾರಿ. ಅವರ ಅಟ್ಟದಲ್ಲಿ ಇದೇ ಅಳತೆಯ, ಹೆಚ್ಚು ಬಳಸದ ಇನ್ನೊಂದು ನಳಿಕೆಯಿದೆ. ಅದನ್ನು ಹಾಕಿಬಿಟ್ಟರೆ ತೆರೆ ಹೊಸದರಂತೆ ಹೊಳೆಯುತ್ತದೆ. ಇದು ಎರಡನೆಯದು. ಮೂರನೆಯದು, ಇದ್ದುದನ್ನು ಇದ್ದಂತೆಯೇ ಬಿಡುವುದು.

ಎರಡನೆಯದೇ ಸರಿಯೆಂದು ನಮ್ಮಲ್ಲೊಬ್ಬನಿಗೆ ತೋರಿತು. ಬೆಳಗಬೇಕೆಂದಲ್ಲವೇ ಮುಖ್ಯೋಪಾಧ್ಯಾಯರು ಹೇಳಿದ್ದು? ಇನ್ನೊಬ್ಬನು, "ನಳಿಕೆ ಬದಲಾದರೆ ಅಕ್ಷರಗಳೆಲ್ಲಿ?" ಎಂದನು. ಯಾರೂ ಮಾತಾಡಲಿಲ್ಲ. ಯಾವ ಅಕ್ಷರಗಳಿಗಾಗಿ ನಾವು ಇಷ್ಟು ದೂರ ಹೊತ್ತು ತಂದೆವೋ ಅವು ಯಂತ್ರದ ದೋಷ; ಯಂತ್ರದ ಕಣ್ಣಿಗೆ ಅದೊಂದು ಗಾಯ. ಗಾಯವನ್ನು ವಾಸಿಮಾಡಿದರೆ ನೆನಪು ಹೋಗುತ್ತದೆ. ಹೀಗೆಂದು ಉಪಾಧ್ಯಾಯರು ಹೇಳಿಕೊಡಲಿಲ್ಲ, ಅವರು ಸುಮ್ಮನಿದ್ದರು. ಬಹಳ ಹೊತ್ತು ಚರ್ಚಿಸಿ, ಮೂರನೆಯ ದಾರಿಯನ್ನೇ ಹಿಡಿದೆವು. ಕಂಡೆನ್ಸರನ್ನು ಬದಲಿಸಬಹುದು, ಬೆಸುಗೆಯನ್ನು ಹೊಸದಾಗಿ ಹಾಕಬಹುದು. ಅವು ಯಂತ್ರವನ್ನು ಬದುಕಿಸುವುದಕ್ಕಾಗಿ ಇರುವವು. ಗಾಜನ್ನು ಮಾತ್ರ ಬದಲಿಸಕೂಡದು. ಯಂತ್ರ ಬದುಕಬೇಕಾದುದೇ ಅದಕ್ಕಾಗಿ. ಯಾವುದನ್ನು ಹೊಸದು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಚನೆಯೇ ಸಂರಕ್ಷಣೆಯೆಂಬುದು ಆ ದಿನ ನಮಗೆ ತಿಳಿಯಿತು.

ನಮ್ಮ ತೀರ್ಮಾನವನ್ನು ಕೇಳಿ ದೊಡ್ಡವರು ತಲೆದೂಗಿದರು. ಆ ಸಂಜೆ ಚಹಾ ಕುಡಿಯುತ್ತ ಅವರು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: "ಗಾಜು ಇನ್ನೂ ಸಿಗುತ್ತದೆ ತಂಬಿ. ಕೈಗಳು ಸಿಗುವುದಿಲ್ಲ. ನನ್ನ ಹತ್ತಿರ ಕಲಿಯಲು ಬಂದ ಕೊನೆಯ ಹುಡುಗ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ." ಇದು ಒಂದು ಬೀದಿಯ ಕಥೆಯಲ್ಲವೆಂದು ಉಪಾಧ್ಯಾಯರು ಆಮೇಲೆ ವಿವರಿಸಿದರು. ಹಳೆಯ ನಳಿಕೆಯ ಕುತ್ತಿಗೆಯನ್ನು ಕತ್ತರಿಸಿ, ಹೊಸ ಕ್ಯಾಥೋಡಿಟ್ಟು, ಮತ್ತೆ ಗಾಳಿಯನ್ನು ಹೊರದೆಗೆದು ಮುಚ್ಚುವ ಕಸುಬೊಂದಿತ್ತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಅದನ್ನು ಮಾಡುತ್ತಿದ್ದ ಹಾಕ್-ಐ ಎಂಬ ಕಾರ್ಖಾನೆ ೨೦೧೦ರಲ್ಲಿ ಮುಚ್ಚಿತು. ಅದರ ಯಂತ್ರಗಳನ್ನು ಒಹಾಯೋ ರಾಜ್ಯದ ಹಳೆಯ ದೂರದರ್ಶನಗಳ ವಸ್ತುಸಂಗ್ರಹಾಲಯವೊಂದು, ಕಸುಬು ಅಳಿಯಬಾರದೆಂದು, ಕೊಂಡೊಯ್ದಿತು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬ ಊರಿನ ಗಣಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರು ಪಿ.ಡಿ.ಪಿ.-೧ ಎಂಬ ಹಳೆಯ ಗಣಕವನ್ನೂ ಅದರ ದುಂಡು ತೆರೆಯನ್ನೂ ವರ್ಷಗಟ್ಟಲೆ ದುಡಿದು ಬದುಕಿಸಿದ್ದಾರೆ. ೧೯೬೨ರಲ್ಲಿ ರಚಿತವಾದ ಸ್ಪೇಸ್‌ವಾರ್ ಎಂಬ ಆಟವನ್ನು ಅದರ ಮೇಲೆ ಮತ್ತೆ ಆಡಿಸಿದ್ದಾರೆ. ಅಲ್ಲಿಯೂ ಕೆಲಸ ನಡೆದುದು ಹಣದಿಂದ ಮಾತ್ರವಲ್ಲ. ಆ ಯಂತ್ರವನ್ನು ಬಲ್ಲ ಹಿರಿಯರು ಇನ್ನೂ ಇದ್ದುದರಿಂದ.

ತೆರೆಯನ್ನು ಮರಳಿ ಶಾಲೆಗೆ ತಂದು ಮೇಲಿನ ಅಂತಸ್ತಿನಲ್ಲಿಟ್ಟೆವು. ೨೦೧೫ರ ಡಿಸೆಂಬರಿನ ನೆರೆಯಲ್ಲಿ ಈ ಊರಿನ ಎಷ್ಟೋ ಮನೆಗಳ ಕೆಳ ಅಂತಸ್ತುಗಳಲ್ಲಿ ನೀರು ನಿಂತುದನ್ನು ಯಾರು ಮರೆತಾರು? ದೊಡ್ಡವರು ಹೇಳಿದ ಪಥ್ಯವನ್ನು ಒಂದು ಕಾಗದದಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿದ್ದೇವೆ. ತಿಂಗಳಿಗೊಮ್ಮೆ ಹದಿನೈದು ನಿಮಿಷ ಬೆಳಗಿಸಬೇಕು. ಪೂರ್ತಿ ಬಿಟ್ಟುಬಿಟ್ಟರೆ ಕಂಡೆನ್ಸರುಗಳು ಕೆಡುತ್ತವೆ, ತೇವ ಸೇರುತ್ತದೆ. ಹೆಚ್ಚು ಹೊತ್ತು ಬೆಳಗಿಸಬಾರದು. ಉಳಿದಿರುವ ಲೇಪವೂ ಸವೆಯುತ್ತದೆ. ಪ್ರಕಾಶವನ್ನು ಕಡಮೆಯಲ್ಲೇ ಇಡಬೇಕು. ಗಾಳಿಯಾಡುವ ಬಟ್ಟೆಯನ್ನೇ ಹೊದಿಸಬೇಕು, ಪ್ಲಾಸ್ಟಿಕ್ಕನ್ನಲ್ಲ. ಮುಂದೊಂದು ದಿನ ಅದರ ಆಯುಸ್ಸು ತೀರಿದರೂ ಕಾಯಲಾನ್ ಕಡೆಗೆ, ಎಂದರೆ ಗುಜರಿ ಅಂಗಡಿಗೆ, ಹಾಕಕೂಡದು. ಅದರ ಗಾಜಿನಲ್ಲಿ ಸೀಸ ಬೆರೆತಿದೆ. ಒಡೆದು ಮಣ್ಣಿಗೆ ಚೆಲ್ಲಿದರೆ ನೀರಿಗೆ ವಿಷ. ಇ-ತ್ಯಾಜ್ಯದ ನಿಯಮಗಳು ೨೦೧೨ರಿಂದಲೇ ಜಾರಿಯಲ್ಲಿವೆ, ನೋಂದಾಯಿತರಾದವರಿಗೇ ಒಪ್ಪಿಸಬೇಕು.

ವಾರ್ಷಿಕೋತ್ಸವದ ಸಂಜೆ ಅದನ್ನು ಬೆಳಗಿಸಿದೆವು. ದೊಡ್ಡವರು ತಮ್ಮ ಬಳಿಯಿದ್ದ ಹಳೆಯ ಗಣಕವೊಂದನ್ನು ಒಂದು ದಿನದ ಮಟ್ಟಿಗೆ ಎರವಲು ಕೊಟ್ಟಿದ್ದರು. ಅದರಲ್ಲಿ ಕನ್ನಡವಿರಲಿಲ್ಲ. ಆದುದರಿಂದ ನಾವು ಚೌಕುಳಿ ಕಾಗದದ ಮೇಲೆ ರಂಗೋಲಿಯ ಚುಕ್ಕೆಗಳಂತೆ ಅಕ್ಷರಗಳನ್ನು ಬರೆದುಕೊಂಡು, ಒಂದೊಂದು ಚುಕ್ಕೆಯ ಎಡೆಯನ್ನೂ ಎಣಿಸಿ, ಅವನ್ನು ತೆರೆಯ ಮೇಲೆ ಇಡುವ ಸಣ್ಣದೊಂದು ಕ್ರಮವಿಧಿಯನ್ನು ಗಣಕದ ಉಪಾಧ್ಯಾಯರ ಸಹಾಯದಿಂದ ರಚಿಸಿದ್ದೆವು. ಸುಟ್ಟು ನಿಂತ ಪದಗಳ ಮುಂದಿನ ಖಾಲಿ ಜಾಗದಲ್ಲೇ ಹೊಸ ಅಕ್ಷರ ಬೆಳಗುವಂತೆ ಅಳತೆ ಮಾಡಿದ್ದೆವು. ನಮ್ಮ ಗೆಳೆಯನೊಬ್ಬನ ತಾಯಿಯವರು ಇದೇ ಶಾಲೆಯ ಹಳೆಯ ವಿದ್ಯಾರ್ಥಿನಿ. ಅವರ ಹೆಸರನ್ನು ಒಮ್ಮೆ ಈ ತೆರೆಯ ಮೇಲೆಯೇ ತುಂಬಿದ್ದರು. 'ಹೆಸರು' ಎಂಬ ಕಪ್ಪು ನೆರಳಿನ ಮುಂದೆ ಅವರ ಹೆಸರು ಹಸಿರಾಗಿ ಮೂಡಿತು. ಅವರು ಕೈಯನ್ನು ಗಾಜಿನ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದರು. ತಂದೆಯ ಹೆಸರನ್ನು ಅವರೇ ಹೇಳಿದರು, ತುಂಬಿದೆವು. "ಊರು ಯಾವುದೆಂದು ಬರೆಯೋಣ, ಅಮ್ಮಾ? ಆಗ ಏನೆಂದು ಬರೆಸಿದ್ದಿರಿ?" ಎಂದು ಕೇಳಿದೆವು. "ಆಗ ಅಪ್ಪ ಹಾಸನವೆಂದು ಬರೆಸಿದ್ದರು" ಎಂದರು. ಸ್ವಲ್ಪ ತಡೆದು, "ಈಗ ಮದರಾಸು ಎಂದೇ ಬರೆಯಿರಿ" ಎಂದರು. ಕೆಳಗಿನ 'ಮಾತೃಭಾಷೆ'ಯನ್ನು ಮಾತ್ರ ಯಾರೂ ಕೇಳಲಿಲ್ಲ; ನಾವೇ ತುಂಬಿದೆವು.

ಹದಿನೈದು ನಿಮಿಷವಾಯಿತು. ಪಥ್ಯದಂತೆ ತೆರೆಯನ್ನು ಆರಿಸಿದೆವು. ಹಸಿರು ಅಕ್ಷರಗಳು ಒಡನೆಯೇ ಹೋಗದೆ, ಮೆಲ್ಲಗೆ ಮಂಕಾಗುತ್ತ ಅಳಿದವು. ಕಪ್ಪು ಪದಗಳು ಉಳಿದವು. ಬೆಳಗಿದಷ್ಟೂ ನಳಿಕೆ ಸವೆಯುತ್ತದೆ. ಅದನ್ನು ಉಳಿಸಬೇಕಾದರೆ ಮಿತವಾಗಿ ಬಳಸಬೇಕು. ಅದರ ಮೇಲೆ ಬರೆದ ಭಾಷೆಯ ರೀತಿ ಇದಕ್ಕೆ ವಿರುದ್ಧ. ಅದು ಬಳಸಿದಷ್ಟೂ ಬೆಳೆಯುತ್ತದೆ, ಇಟ್ಟಷ್ಟೂ ಮಾಸುತ್ತದೆ. ಆದುದರಿಂದ ಮುಂದಿನ ವರ್ಷ ಉಗ್ರಾಣ ಗುಡಿಸಲು ಬರುವ ತಮ್ಮತಂಗಿಯರಲ್ಲಿ ನಮ್ಮ ಬಿನ್ನಹವಿಷ್ಟೇ: ತಿಂಗಳಿಗೊಮ್ಮೆ ಆ ತೆರೆಯನ್ನು ಬೆಳಗಿಸಿರಿ, ಸ್ವಿಚ್ಚು ಹಾಕಿದೊಡನೆ ಕಿವಿಗೊಟ್ಟು ಕೇಳಿರಿ. ಆ ಸಣ್ಣ ಸದ್ದು ಕೇಳುವಷ್ಟು ಎಳೆಯ ಕಿವಿಗಳು ಈ ಶಾಲೆಯಲ್ಲಿ ಎಂದೆಂದೂ ಇರಲಿ ಎಂಬುದು ನಮ್ಮ ಹಾರೈಕೆ.